ಕಾಲು ಎಕರೆಯ ಕಾಬೆಟ್

ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ವಿಲಿಯಂ ಕಾಬೆಟ್‌ಗೆ ಸಿಗುವುದು ಹೆಚ್ಚೆಂದರೆ ಅರ್ಧ ಪುಟ. ವರ್ಡ್ಸ್‌ವರ್ತ್, ಕೋಲ್‌ರಿಜ್ ಎಲ್ಲ ಮುಗಿದು, ಲ್ಯಾಂಬ್, ಹ್ಯಾಜ್ಲಿಟ್ ಆದ ಮೇಲೆ ಒಂದು ಮೂಲೆಯಲ್ಲಿ ಇರ್ತಾನೆ. ಪರೀಕ್ಷೆಗೆ ಬರುವ ಹೆಸರಲ್ಲ, ಹಾಗಾಗಿ ನಾವು ಆ ಪುಟ ಮಗುಚಿ ಮುಂದೆ ಹೋಗ್ತೇವೆ. ಗದ್ಯ ಚೆನ್ನಾಗಿ ಬರೆದ ಅಂತ ನಾನು ಅವನ ಕತೆ ಹೇಳಲು ಹೊರಟದ್ದಲ್ಲ. ಒಂದು ಹಸು, ಒಂದು ಹಂದಿ, ನಾಲ್ಕು ಕೋಳಿ, ಜೇನಿನ ಗೂಡು, ಕಾಲು ಎಕರೆ ಕೈತೋಟ, ಇಷ್ಟಿದ್ದರೆ ಕೂಲಿಯವನೊಬ್ಬ ಯಾರ ಮುಂದೆಯೂ ಕೈಚಾಚದೆ ಸಂಸಾರ ಮಾಡಬಹುದು ಎಂದು ಪೈಸೆ ಪೈಸೆಗೆ ಲೆಕ್ಕ ಹಾಕಿ ತೋರಿಸಿದವನು ಅವನು. ಹಂದಿಯ ಹಟ್ಟಿಯನ್ನೂ ಪಾರ್ಲಿಮೆಂಟನ್ನೂ ಒಂದೇ ಉಸಿರಿನಲ್ಲಿ ಮಾತಾಡಿದ ಇನ್ನೊಬ್ಬ ಲೇಖಕ ನನಗಂತೂ ಸಿಕ್ಕಿಲ್ಲ.

ಹುಟ್ಟಿದ್ದು 1763ರ ಮಾರ್ಚ್ 9ರಂದು, ಸರ್ರೆ ಸೀಮೆಯ ಫಾರ್ನಮ್ ಎಂಬ ಊರಲ್ಲಿ. ತಂದೆ ಸಣ್ಣ ರೈತ. ಮನೆಯಲ್ಲೇ ಒಂದು ಪಡಖಾನೆಯೂ ಇತ್ತು, ಅದರ ಹೆಸರು ಜಾಲಿ ಫಾರ್ಮರ್. ಹುಡುಗನಿಗೆ ಮೊದಲ ನೌಕರಿ ಹಕ್ಕಿ ಓಡಿಸುವುದು. ಟರ್ನಿಪ್ ಬಿತ್ತಿದ ಹೊಲದಿಂದ ಸಣ್ಣ ಹಕ್ಕಿಗಳನ್ನು, ಬಟಾಣಿಯ ಹೊಲದಿಂದ ಕಾಗೆಗಳನ್ನು. ಆಮೇಲೆ ಗೋಧಿಯ ಕಳೆ ಕೀಳುವುದು, ಹಲುಬೆ ಹೊಡೆಯುವಾಗ ಕುದುರೆ ಹಿಡಿದು ಮುಂದೆ ನಡೆಯುವುದು. ಶಾಲೆ ಅಂತ ಹೇಳಿಕೊಳ್ಳುವಂಥದ್ದು ಇಲ್ಲ. ಅಪ್ಪನೇ ಚಳಿಗಾಲದ ಸಂಜೆ ಓದು ಬರಹ ಕಲಿಸಿದ.

ಅವನೇ ಹೇಳಿಕೊಂಡ ಪ್ರಕಾರ ಹನ್ನೊಂದನೇ ವರ್ಷದಲ್ಲಿ ಒಂದು ಘಟನೆ ನಡೀತು. ಫಾರ್ನಮ್ ಕೋಟೆಯಲ್ಲಿ ಬಿಷಪ್ಪರ ತೋಟ. ಅಲ್ಲಿ ಗಿಡ ಕತ್ತರಿಸುವ ಕೆಲಸ ಮಾಡುತ್ತಿದ್ದಾಗ ಕ್ಯೂ ಎಂಬಲ್ಲಿ ರಾಜರ ತೋಟ ಇದಕ್ಕಿಂತ ಎಷ್ಟೋ ಚೆಂದ ಎಂದು ಯಾರೋ ಅಂದರು. ಮರುದಿನವೇ ಹುಡುಗ ಉಟ್ಟ ಬಟ್ಟೆಯಲ್ಲಿ ನಡೆದು ಹೊರಟ. ರಿಚ್ಮಂಡ್ ಮುಟ್ಟುವಾಗ ಕಿಸೆಯಲ್ಲಿ ಉಳಿದದ್ದು ಮೂರು ಪೆನ್ಸ್, ರಾತ್ರಿಯ ಊಟಕ್ಕೆ ಇಟ್ಟದ್ದು. ಅಂಗಡಿಯೊಂದರ ಕಿಟಕಿಯಲ್ಲಿ ಸ್ವಿಫ್ಟನ ‘ಎ ಟೇಲ್ ಆಫ್ ಎ ಟಬ್’ ಕಾಣ್ತು, ಬೆಲೆಯೂ ಸರಿಯಾಗಿ ಮೂರು ಪೆನ್ಸ್. ಊಟ ಬಿಟ್ಟು ಪುಸ್ತಕ ಕೊಂಡು, ಹುಲ್ಲಿನ ಬಣವೆಯ ಬುಡದಲ್ಲಿ ಕೂತು ಕತ್ತಲಾಗುವ ತನಕ ಓದಿ, ಅಲ್ಲೇ ನಿದ್ದೆ ಹೋದ. ಬೆಳಿಗ್ಗೆ ಕ್ಯೂ ತೋಟದ ಸ್ಕಾಟ್ಲೆಂಡಿನ ಮಾಲಿಗೆ ಕನಿಕರ ಬಂದು ಕೆಲಸ ಕೊಟ್ಟ. ಹುಲ್ಲು ಗುಡಿಸುತ್ತಿದ್ದ ಈ ಹಳ್ಳಿ ಹೈದನ ವೇಷ ಕಂಡು ರಾಜಕುಮಾರರು ನಕ್ಕರಂತೆ. ಇಪ್ಪತ್ತು ವರ್ಷ ಆಗುವ ಮೊದಲೇ ಒಬ್ಬ ಮನುಷ್ಯನಿಗೆ ಬೇಕಾದ ಎರಡೂ ಹುಚ್ಚು ಅವನಿಗೆ ಹತ್ತಿ ಆಗಿತ್ತು, ಒಂದು ಮಣ್ಣಿಂದು, ಇನ್ನೊಂದು ಅಚ್ಚಿನ ಅಕ್ಷರದ್ದು.

1783ರಲ್ಲಿ ಲಂಡನ್ನಿಗೆ ಓಡಿಹೋಗಿ ವಕೀಲರ ಆಫೀಸಲ್ಲಿ ನಕಲು ಬರೆಯುವ ಗುಮಾಸ್ತನಾದ. ಆ ಕೋಣೆಯ ಕತ್ತಲೆ ತಡೆಯದೆ 1784ರಲ್ಲಿ ಸೈನ್ಯಕ್ಕೆ ಸೇರಿದ. ದಿನಕ್ಕೆ ಆರು ಪೆನ್ಸ್ ಸಂಬಳ. ಮಂಚದ ಅಂಚೇ ಕುರ್ಚಿ, ಬೆನ್ನಿನ ಚೀಲವೇ ಪುಸ್ತಕದ ಕಪಾಟು, ತೊಡೆಯ ಮೇಲಿನ ಹಲಗೆಯೇ ಮೇಜು. ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದನ್ನು ಪೂರ್ತಿ ಬಾಯಿಪಾಠ ಮಾಡಿದ. ಲೇಖನಿಗೆ, ಕಾಗದಕ್ಕೆ ಊಟ ಬಿಡಬೇಕಿತ್ತು. ಒಮ್ಮೆ ಮರುದಿನ ಒಂದು ಒಣಮೀನು ಕೊಳ್ಳಲೆಂದು ಉಳಿಸಿದ್ದ ಅರ್ಧ ಪೆನ್ನಿ ಕಳೆದುಹೋಗಿ, ಹೊದಿಕೆಯೊಳಗೆ ತಲೆ ಹಾಕಿ ಮಗುವಿನ ಹಾಗೆ ಅತ್ತ. ಹಾಸ್ಟೆಲ್ಲಿನಲ್ಲಿ ತಿಂಗಳ ಕೊನೆಯ ವಾರ ಕಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಲ್ಟನ್ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಹೋಯ್ತು. ಸಾರ್ಜೆಂಟ್ ಮೇಜರ್ ಆದ. ಅಲ್ಲೊಂದು ಬೆಳಗಿನ ಜಾವ, ಹಿಮ ಬಿದ್ದ ನೆಲದಲ್ಲಿ ಹುಡುಗಿಯೊಬ್ಬಳು ಬಟ್ಟೆ ಒಗೆಯುವ ಬಾನಿ ತಿಕ್ಕುತ್ತಿದ್ದಳು. ಆನ್ ರೀಡ್ ಅಂತ ಹೆಸರು. ಇವಳೇ ನನ್ನ ಹೆಂಡತಿ ಎಂದು ಅಲ್ಲೇ ನಿಶ್ಚಯಿಸಿದ. ಅವಳು ತಂದೆಯ ಜೊತೆ ಇಂಗ್ಲೆಂಡಿಗೆ ಮರಳುವಾಗ, ಕಷ್ಟಪಡಬೇಡ ಎಂದು ತನ್ನ ಉಳಿತಾಯ ನೂರೈವತ್ತು ಗಿನಿ ಪೂರ್ತಿ ಅವಳ ಕೈಗೆ ಕೊಟ್ಟ. ವರ್ಷಗಳ ನಂತರ ಹೋಗಿ ನೋಡಿದರೆ ಅವಳು ವರ್ಷಕ್ಕೆ ಐದು ಪೌಂಡಿಗೆ ಮನೆಕೆಲಸ ಮಾಡ್ತಿದ್ದಾಳೆ. ನೂರೈವತ್ತು ಗಿನಿಯನ್ನು ಒಂದೂ ಮುರಿಯದೆ ವಾಪಸು ಕೊಟ್ಟಳು. 1792ರ ಫೆಬ್ರವರಿಯಲ್ಲಿ ಮದುವೆ.

ಮುಂದಿನ ಹತ್ತು ವರ್ಷ ನಾನು ಓಡಿಸಿಬಿಡ್ತೇನೆ. ಸಿಪಾಯಿಗಳ ಹಣ ತಿಂದ ಅಧಿಕಾರಿಗಳ ಮೇಲೆ ದೂರು ಕೊಟ್ಟು, ಅದು ತನಗೇ ತಿರುಗುವ ಹೊತ್ತಿಗೆ ದೇಶ ಬಿಟ್ಟು ಮೊದಲು ಫ್ರಾನ್ಸಿಗೆ, ಅಲ್ಲಿಂದ ಅಮೇರಿಕೆಗೆ ಹೋದ. ಫಿಲಡೆಲ್ಫಿಯಾದಲ್ಲಿ ಮುಳ್ಳುಹಂದಿ ಎಂಬರ್ಥದ ಹೆಸರಿಟ್ಟುಕೊಂಡು ರಾಜಪಕ್ಷದ ಪರವಾಗಿ ಬೈದು ಬರೆದ, ಮಾನನಷ್ಟ ದಾವೆಯಲ್ಲಿ ಐದು ಸಾವಿರ ಡಾಲರ್ ತೆತ್ತು 1800ರಲ್ಲಿ ಇಂಗ್ಲೆಂಡಿಗೆ ಬಂದ. 1802ರಲ್ಲಿ ‘ಪೊಲಿಟಿಕಲ್ ರಿಜಿಸ್ಟರ್’ ಎಂಬ ವಾರಪತ್ರಿಕೆ ಶುರು ಮಾಡಿದ, ಅದನ್ನು ಸಾಯುವ ತನಕ ಬಿಡಲಿಲ್ಲ. ಪಾರ್ಲಿಮೆಂಟಿನ ಚರ್ಚೆಗಳನ್ನು ಅಚ್ಚು ಮಾಡುವ ಕೆಲಸವನ್ನೂ ಅವನೇ ಆರಂಭಿಸಿದ. ಅದು ಹ್ಯಾನ್ಸಾರ್ಡ್ ಎಂಬ ಅಚ್ಚುಗಾರನ ಕೈಗೆ ಹೋಗಿ ಅವನ ಹೆಸರಲ್ಲೇ ಉಳೀತು.

1805ರಲ್ಲಿ ಹ್ಯಾಂಪ್‌ಶೈರಿನ ಬಾಟ್ಲಿಯಲ್ಲಿ ಜಮೀನು ಕೊಂಡ. ನನ್ನ ಪ್ರಕಾರ ನಿಜವಾದ ಕಾಬೆಟ್ ಹುಟ್ಟಿದ್ದು ಇಲ್ಲಿ. ಹತ್ತಿರದಲ್ಲೇ ಹಾರ್ಟನ್ ಹೀತ್ ಎಂಬ ಬಯಲು ಇತ್ತು, ಸುಮಾರು 150 ಎಕರೆ. ನಮ್ಮ ಊರುಗಳ ಗೋಮಾಳದ ಹಾಗೆ. ಬಡವರ ದನ, ಬಾತು ಮೇಯುವ ಜಾಗ. ಅದಕ್ಕೆ ಬೇಲಿ ಹಾಕಿ ಹಂಚಿಕೊಳ್ಳಬೇಕೆಂದು ಸುತ್ತಲಿನ ಜಮೀನುದಾರರು ಹೊರಟಿದ್ದರು. ಆ ಶತಮಾನದಲ್ಲಿ ಇದೊಂದು ರೋಗ. 1750ರಿಂದ 1850ರ ಒಳಗೆ ಇಂಥ ಬೇಲಿ ಕಾಯಿದೆಗಳು ಸುಮಾರು 4,000 ಪಾಸಾದವು. ಪಾಳು ಬಿದ್ದ ನೆಲ, ಉತ್ತು ಬಿತ್ತಿದರೆ ದೇಶಕ್ಕೆ ಲಾಭ ಎಂಬುದು ವಾದ. ಕಾಬೆಟ್ ಏನು ಮಾಡಿದ ಗೊತ್ತುಂಟಾ? ಆ ಬಯಲಿನ ಅಂಚಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಸುಮಾರು ಮೂವತ್ತು ಮನೆಗಳಿಗೆ ತಾನೇ ಹೋಗಿ ಲೆಕ್ಕ ಹಿಡಿದ. ಎಷ್ಟು ಹಸು, ಎಷ್ಟು ಹಂದಿ, ಎಷ್ಟು ಕೋಳಿ, ಎಷ್ಟು ಜೇನುಗೂಡು, ಹಿತ್ತಿಲಲ್ಲಿ ಏನೇನು ಬೆಳೀತಾರೆ, ತಿಂದು ಉಳಿದದ್ದು ಸಂತೆಗೆ ಎಷ್ಟು ಹೋಗುತ್ತದೆ. ಕೂಡಿಸಿ ನೋಡಿದರೆ ಪಕ್ಕದ 200 ಎಕರೆಯ ಒಂದು ಫಾರ್ಮಿಗಿಂತ ಈ ಗುಡಿಸಲುಗಳ ಹುಟ್ಟುವಳಿಯೇ ಜಾಸ್ತಿ. ಪಾಳು ಅಂತ ಕರೆದದ್ದರಲ್ಲಿ ಮೂವತ್ತು ಸಂಸಾರಗಳು ಉಣ್ಣುತ್ತಿದ್ದವು. ಬೇಲಿ ಬಿದ್ದ ಮರುದಿನ ಅದೇ ಜನ ಕೂಲಿಗೆ, ಕೂಲಿ ಸಾಲದೆ ಚರ್ಚಿನ ಧರ್ಮದ ಕಾಸಿಗೆ ಸಾಲು ನಿಲ್ಲಬೇಕು. ಯಾವ ಪುಸ್ತಕವೂ ಮಾಡದ್ದನ್ನು ಆ ಜೇನುಗೂಡಿನ ಲೆಕ್ಕ ಮಾಡ್ತು. ರಾಜಪಕ್ಷದ ಕಾಬೆಟ್ ಬಡವರ ಪಕ್ಷಕ್ಕೆ ಹೊರಳಿದ್ದಕ್ಕೆ ಕಾರಣಗಳು ಹಲವು, ಇದು ಅವುಗಳಲ್ಲೊಂದು.

1810ರಲ್ಲಿ ಜೈಲಾಯಿತು. ಈಲಿ ಎಂಬಲ್ಲಿ ಸಂಬಳದ ವಿಷಯಕ್ಕೆ ತಕರಾರು ಮಾಡಿದ ಸ್ಥಳೀಯ ಸಿಪಾಯಿಗಳನ್ನು ಜರ್ಮನ್ ತುಕಡಿಯ ಕಾವಲಿನಲ್ಲಿ ನಿಲ್ಲಿಸಿ ಚಾಟಿಯಲ್ಲಿ ಹೊಡೆಸಿದ್ದರು. ಅದನ್ನು ಖಂಡಿಸಿ ಬರೆದದ್ದಕ್ಕೆ ಎರಡು ವರ್ಷ ನ್ಯೂಗೇಟ್ ಜೈಲು, ಸಾವಿರ ಪೌಂಡ್ ದಂಡ. ಅಲ್ಲಿಂದಲೇ ಬಾಟ್ಲಿಯ ಬೇಸಾಯ ನಡೆಸಿದ. ಮನೆಯಿಂದ ಬುಟ್ಟಿ ಬರ್ತಿತ್ತು: ತೋಟದ ಹಣ್ಣು, ಸೊಪ್ಪು, ಹೊಸದಾಗಿ ಅರಳಿದ ಹೂ, ಮರದ ಟೊಂಗೆ, ಜೊತೆಗೆ ಯಾವ ಹೊಲದಲ್ಲಿ ಏನು ಕೆಲಸ ಆಯಿತು ಎಂದು ಮಕ್ಕಳೇ ಬರೆದ ದಿನಚರಿ. ಇವನು ಉತ್ತರ ಬರೆಯುತ್ತಿದ್ದ. ಶಾಲೆಗೆ ಹಾಕದ ಮಕ್ಕಳು ಅಕ್ಷರ ಕಲಿತದ್ದು ಈ ಬುಟ್ಟಿಯ ಪತ್ರಗಳಿಂದ.

ಬಿಡುಗಡೆಯಾದ ಮೇಲೆ, 1816ರಲ್ಲಿ, ಪತ್ರಿಕೆಯ ಅಗ್ಗದ ಆವೃತ್ತಿಯನ್ನು ಎರಡು ಪೆನ್ಸಿಗೆ ಕೊಡತೊಡಗಿದ. ವಿರೋಧಿಗಳು ಅದನ್ನು ಎರಡು ಪೆನ್ಸಿನ ಕಸ ಎಂದು ಹೀಗಳೆದರು. ಮಾರಾಟ ನಲವತ್ತು ಸಾವಿರ ದಾಟಿತು. ಓದಲು ಬಾರದವರಿಗೆ ಪಡಖಾನೆಗಳಲ್ಲಿ ಒಬ್ಬ ಗಟ್ಟಿಯಾಗಿ ಓದಿ ಹೇಳ್ತಿದ್ದ. ಸರಕಾರ ಹೆದರಿ ವಿಚಾರಣೆಯಿಲ್ಲದೆ ಹಿಡಿದಿಡುವ ಅಧಿಕಾರ ತೆಗೆದುಕೊಂಡಾಗ, 1817ರಲ್ಲಿ ಮತ್ತೆ ಅಮೇರಿಕೆಗೆ ಹಾರಿದ. ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ ಜಮೀನು ಹಿಡಿದು ಸ್ವೀಡಿಶ್ ಟರ್ನಿಪ್ ಬೆಳೆದ, ಹಂದಿ ಸಾಕಿದ, ಅದರ ನಡುವೆ ತನ್ನ ಹದಿನಾಲ್ಕರ ಮಗ ಜೇಮ್ಸನಿಗೆ ಪತ್ರಗಳ ರೂಪದಲ್ಲಿ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ತಪ್ಪು ವಾಕ್ಯಗಳಿಗೆ ಉದಾಹರಣೆ ಆರಿಸಿದ್ದು ಎಲ್ಲಿಂದ? ರಾಜನ ಭಾಷಣಗಳಿಂದ, ಡಾಕ್ಟರ್ ಜಾನ್ಸನ್ನನ ಬರವಣಿಗೆಯಿಂದ!

1819ರಲ್ಲಿ ಮರಳಿದ. ಮರುವರ್ಷವೇ ದಿವಾಳಿ; ಬಾಟ್ಲಿ ಕೈಬಿಟ್ಟಿತು. ‘ಕಾಟೇಜ್ ಇಕಾನಮಿ’ ಎಂಬ ಪುಸ್ತಕ ಬಂದದ್ದು ಈ ಹೊತ್ತಿನಲ್ಲಿ, 1821-22ರಲ್ಲಿ, ತಿಂಗಳಿಗೊಂದು ಕಂತಿನಂತೆ. ಬಿಯರ್ ತಯಾರಿಸುವುದು, ರೊಟ್ಟಿ ಸುಡುವುದು, ಹಸು, ಹಂದಿ, ಜೇನು, ಆಡು, ಕೋಳಿ, ಬಾತು, ಪಾರಿವಾಳ, ಮೊಲ, ಹುಲ್ಲಿನ ಟೊಪ್ಪಿ ಹೆಣೆಯುವುದು, ಇಷ್ಟು ವಿಷಯ. ನಮ್ಮಲ್ಲಿ ಮಡಿ ಮನೆಗಳಿಂದ ಬಂದವರು ಮೂಗು ಮುರಿಯಬಹುದು, ಸ್ವಲ್ಪ ತಾಳಿ.

ಅವನ ಲೆಕ್ಕ ನಲವತ್ತು ರಾಡ್ ನೆಲದ್ದು. ಅಂದ್ರೆ ಕಾಲು ಎಕರೆ, ಹತ್ತು ಗುಂಟೆ. ನಮ್ಮ ಕರಾವಳಿಯ ಮಾತಲ್ಲಿ ಇಪ್ಪತ್ತೈದು ಸೆಂಟ್ಸು. ಅಷ್ಟರಲ್ಲಿ ಒಂದು ಹಸುವಿಗೆ ವರ್ಷವಿಡೀ ಮೇವು ಬೆಳೆಯಬಹುದು ಅಂತ ವಾದ. ಹುಲ್ಲು ಬಿಟ್ಟರೆ ಆಗದು, ಎಲೆಕೋಸು ಮತ್ತು ಸ್ವೀಡಿಶ್ ಟರ್ನಿಪ್ ಹಾಕಬೇಕು. ಸಸಿಮಡಿ ಬೇರೆ ಮಾಡಿ, ಒಂದು ಸಾಲು ಕಿತ್ತ ಹಾಗೆ ಇನ್ನೊಂದು ನೆಡಬೇಕು. ನೆಲ ಒಂದು ದಿನವೂ ಖಾಲಿ ಇರಬಾರದು. ಹಸುವಿನ ಗೊಬ್ಬರ ಪೂರ್ತಿ ಮಡಿಗೆ. ಬೆಣ್ಣೆ ತೆಗೆದ ಹಾಲು, ಅಡಿಗೆಮನೆಯ ಕಲಗಚ್ಚು ಹಂದಿಗೆ. ಹಂದಿಯನ್ನು ಮರಿಯಾಗಿ ಕೊಂಡು, ಕೊನೆಗೆ ಬಾರ್ಲಿಯ ಹಿಟ್ಟು ತಿನ್ನಿಸಿ ಕೊಬ್ಬಿಸಿ, ಕ್ರಿಸ್ಮಸ್ ಹೊತ್ತಿಗೆ ಕಡಿದು ಉಪ್ಪು ಹಾಕಿಟ್ಟರೆ ಸಂಸಾರಕ್ಕೆ ಚಳಿಗಾಲದ ಭಯವಿಲ್ಲ. ಅಟ್ಟದಲ್ಲಿ ಒಣಗಿದ ಮಾಂಸ ತೂಗುತ್ತಿದ್ದರೆ ಮನೆಯಲ್ಲಿ ಜಗಳ ಕಮ್ಮಿ, ಕಳ್ಳತನದ ಯೋಚನೆ ಕಮ್ಮಿ, ಪಾದ್ರಿಗಳ ಸಾವಿರ ಉಪದೇಶಕ್ಕಿಂತ ಅದು ಮೇಲು ಎಂಬುದು ಅವನ ಅಭಿಪ್ರಾಯ. ಮೇಣದ ಬತ್ತಿಗೆ ದುಡ್ಡು ಯಾಕೆ, ಜೊಂಡಿನ ತಿರುಳನ್ನು ಕೊಬ್ಬಿನಲ್ಲಿ ಅದ್ದಿ ದೀಪ ಮಾಡಿಕೊಳ್ಳಿ. ನನ್ನ ಅಜ್ಜಿ ಜನ್ಮದಲ್ಲಿ ಮೇಣದ ಬತ್ತಿ ಉರಿಸಿದವಳಲ್ಲ ಅಂತಾನೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಊರಲ್ಲಿ ನಮ್ಮ ಅಜ್ಜಿಯ ಹಿತ್ತಿಲು. ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ, ಅಕ್ಕಿ ತೊಳೆದ ನೀರು ಹಟ್ಟಿಗೆ, ಒಲೆಯ ಬೂದಿ ತೊಂಡೆಯ ಬುಡಕ್ಕೆ. ಅವರಿಗೆ ಯಾರೂ ಪುಸ್ತಕ ಬರೆದು ಕೊಡಲಿಲ್ಲ. ಕಾಬೆಟ್ ಬರೆಯಬೇಕಾಯ್ತು, ಯಾಕಂದರೆ ಒಂದೇ ತಲೆಮಾರಿನಲ್ಲಿ ಆ ಜನ ಇದನ್ನೆಲ್ಲ ಮರೆತಿದ್ದರು. ಮರೆಯುವಂತೆ ಮಾಡಿದ್ದು ತೆರಿಗೆ. ಬಾರ್ಲಿಯ ಮಾಲ್ಟಿಗೆ, ಹಾಪ್ಸಿಗೆ ಸುಂಕ ಹೇರಿದ್ದರಿಂದ ಮನೆಯ ಬಿಯರ್ ನಿಂತು ಹೆಂಡದಂಗಡಿಯ ಬಿಯರ್ ಬಂತು. ನೆಲ ಹೋಗಿ, ಸೌದೆ ಹೋಗಿ, ಮನೆಯ ಒಲೆ ಆರಿ ಅಂಗಡಿಯ ರೊಟ್ಟಿ ಬಂತು.

ಇನ್ನು ಚಹಾ! ಬೆಳಿಗ್ಗೆ ಕಟಿಂಗ್ ಚಾ ಇಲ್ಲದೆ ಲೋಕಲ್ ಗಾಡಿ ಹತ್ತದ ನಾವು ಕಾಬೆಟ್‌ನ ಕಣ್ಣಿಗೆ ಬಿದ್ದಿದ್ದರೆ ಕತೆ ಮುಗೀತಿತ್ತು. ಚಹಾದಲ್ಲಿ ಪೌಷ್ಟಿಕ ಏನೂ ಇಲ್ಲ, ಸೌದೆ ದಂಡ, ಹೊತ್ತು ದಂಡ. ದಿನಕ್ಕೆರಡರಂತೆ ವರ್ಷಕ್ಕೆ 730 ಸಲದ ಚಹಾವನ್ನು ಒಂದು ಹಂದಿಗೆ ಕುಡಿಸಿ, ಅದು ಹಸಿದು ಸಾಯ್ತದೆ. ಆ ಸಂಸಾರದ ವರ್ಷದ ಬಿಯರಿಗೆ ಬೇಕಾಗುವ ಮಾಲ್ಟ್ ಹಾಕಿ, ಹಂದಿ ಕೊಬ್ಬುತ್ತದೆ ಎಂದು ವಾದಿಸಿದ. ಆಗ ಚಹಾ ಬರ್ತಿದ್ದದ್ದು ಚೀನಾದಿಂದ, ಈಸ್ಟ್ ಇಂಡಿಯಾ ಕಂಪನಿಯ ಗುತ್ತಿಗೆಯಲ್ಲಿ, ಭಾರೀ ಸುಂಕದ ಜೊತೆ. ನಾವು ಕುಡಿದ ಪ್ರತಿ ಲೋಟಕ್ಕೆ ಕಂಪನಿಗೊಂದು ಪಾಲು, ಸರಕಾರಕ್ಕೊಂದು ಪಾಲು ಎಂಬ ಸಿಟ್ಟು ಅದರ ಒಳಗೆ ಇತ್ತು. ಆಲೂಗಡ್ಡೆಯ ಮೇಲೂ ಇಷ್ಟೇ ದ್ವೇಷ. ಅಲ್ಲಿ ನನಗವನ ವಾದ ಹಿಡಿಸೋದಿಲ್ಲ, ಬಟಾಟೆ ವಡೆ ಅವನು ತಿಂದಿರಲಿಲ್ಲ.

ತಮಾಷೆ ಇರ್ಲಿ. ಅವನನ್ನು ದೇವರು ಮಾಡುವಂತಿಲ್ಲ. ಯೆಹೂದಿಗಳ ಬಗ್ಗೆ ಅವನು ಬರೆದದ್ದು ವಿಷ. ಗುಲಾಮಗಿರಿಯ ವಿರುದ್ಧ ಹೋರಾಡಿದವರನ್ನು ಮೂದಲಿಸಿದ, ಕಪ್ಪು ಜನರ ಬಗ್ಗೆ ಹೀನಾಯವಾಗಿ ಬರೆದ. ಅನ್ಯರ ಬೇಲಿ ಕಂಡವನಿಗೆ ಅನ್ಯರ ಸಂಕೋಲೆ ಕಾಣಲಿಲ್ಲ. ಹೆಂಗಸರು ಮನೆಯಲ್ಲೇ ದುಡಿಯಬೇಕೆಂಬ ಅವನ ಲೆಕ್ಕದಲ್ಲಿ ಕೋಸು ನೆಡುವ, ಹಾಲು ಕರೆಯುವ, ಹಿಟ್ಟು ನಾದುವ ಆ ಹೆಂಗಸಿನ ದಿನಕ್ಕೆ ಎಷ್ಟು ಗಂಟೆ ಎಂಬ ಬಾಬತ್ತೇ ಇಲ್ಲ. ಪೈಸೆಯ ಲೆಕ್ಕ ಪಾಠ ಮಾಡಿದವನು ಸ್ವಂತ ಜಮೀನಲ್ಲಿ ಸಾಲದಿಂದ ಮೇಲೆ ಏಳಲೇ ಇಲ್ಲ. ಕಡೆಗಾಲದಲ್ಲಿ ಆ ಬಾನಿ ತಿಕ್ಕಿದ ಹೆಂಡತಿಯ ಜೊತೆಗೂ ಮಕ್ಕಳ ಜೊತೆಗೂ ವಿರಸವಾಯ್ತು.

ದಿವಾಳಿಯ ನಂತರ ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ನರ್ಸರಿ ಇಟ್ಟ. ಅಮೇರಿಕದ ಮರದ ಸಸಿ, ಬೀಜ ಮಾರಿದ. ಮೆಕ್ಕೆಜೋಳವನ್ನು ಇಂಗ್ಲೆಂಡಿನಲ್ಲಿ ಹಬ್ಬಿಸಲು ಹೆಣಗಿ ತನ್ನ ಹೆಸರನ್ನೇ ಅದಕ್ಕಿಟ್ಟ. ಆ ಹವೆಯಲ್ಲಿ ಅದು ಹಬ್ಬಲಿಲ್ಲ. ಇಟಲಿಯಿಂದ ಬರುತ್ತಿದ್ದ ಹುಲ್ಲಿನ ಟೊಪ್ಪಿಗಳನ್ನು ಇಂಗ್ಲೆಂಡಿನ ಹುಲ್ಲಿನಲ್ಲೇ ಹೆಣೆಯಬಹುದು ಎಂದು ತೋರಿಸಿದ್ದಕ್ಕೆ 1823ರಲ್ಲಿ ಬೆಳ್ಳಿ ಪದಕ ಸಿಕ್ಕಿತು. ಕುದುರೆ ಹತ್ತಿ ದಕ್ಷಿಣ ಇಂಗ್ಲೆಂಡ್ ಸುತ್ತಿದ. ಆ ಪ್ರವಾಸಗಳೇ 1830ರಲ್ಲಿ ‘ರೂರಲ್ ರೈಡ್ಸ್’ ಪುಸ್ತಕ. ಒಳ್ಳೆಯ ಮಣ್ಣಿರುವ ಕಡೆಯೇ ಕೂಲಿಯವರು ಹೆಚ್ಚು ಹಸಿದಿದ್ದಾರೆ, ಕಾಡು ಬಯಲು ಉಳಿದ ಕಡೆ ಅವರ ಹಿತ್ತಿಲೂ ಹಂದಿಯೂ ಉಳಿದಿವೆ ಎಂಬುದನ್ನು ಕುದುರೆಯ ಮೇಲಿಂದಲೇ ಕಂಡ.

ಅದೇ 1830ರಲ್ಲಿ ಹಸಿದ ಕೂಲಿಗಳು ಎದ್ದರು, ಒಕ್ಕುವ ಯಂತ್ರ ಒಡೆದರು, ಬಣವೆ ಸುಟ್ಟರು. 19 ಜನಕ್ಕೆ ಗಲ್ಲು, ಸುಮಾರು 500 ಜನಕ್ಕೆ ಗಡೀಪಾರು. ಕುಮ್ಮಕ್ಕು ಕೊಟ್ಟನೆಂದು ಕಾಬೆಟ್ ಮೇಲೆ 1831ರಲ್ಲಿ ಮೊಕದ್ದಮೆ. ವಕೀಲರಿಲ್ಲದೆ ತಾನೇ ವಾದಿಸಿದ, ಮಂತ್ರಿಗಳನ್ನೇ ಸಾಕ್ಷಿಗೆ ಕರೆಸಿದ. ಹನ್ನೆರಡು ಜನ ಜ್ಯೂರಿ ಆರು ಆರಾಗಿ ನಿಂತರು, ಕೇಸು ಬಿದ್ದುಹೋಯ್ತು. ಮರುವರ್ಷ ಓಲ್ಡಮ್ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿ ಬಂದ. ಬಡವರನ್ನು ಗಂಜಿಕೇಂದ್ರದಂಥ ಜೈಲುಮನೆಗಳಿಗೆ ತಳ್ಳುವ 1834ರ ಕಾಯಿದೆಯನ್ನು ಗಂಟಲು ಕಟ್ಟುವವರೆಗೆ ವಿರೋಧಿಸಿದ, ಕಾಯಿದೆ ಪಾಸಾಯಿತು.

ಕೊನೆಗೆ ಹುಟ್ಟೂರಿಗೆ ಹತ್ತಿರ, ನಾರ್ಮಂಡಿ ಎಂಬ ಹಳ್ಳಿಯ ಜಮೀನಿನಲ್ಲಿ ಉಳಿದ. 1835ರ ಜೂನ್, ನಡೆಯಲು ತ್ರಾಣ ಇರಲಿಲ್ಲ. ಹೊಲದ ಕೆಲಸ ಹೇಗಾಗಿದೆ ನೋಡಬೇಕೆಂದು ಹಟ ಮಾಡಿ, ಆಳುಗಳ ಕೈಯಲ್ಲಿ ಎತ್ತಿಸಿಕೊಂಡು ಒಂದು ಸುತ್ತು ಬಂದ. 18ರಂದು ತೀರಿಕೊಂಡ. ಫಾರ್ನಮ್ ಚರ್ಚಿನ ಅಂಗಳದಲ್ಲಿ ಮಣ್ಣಾಯಿತು, ಅಪ್ಪನ ಪಡಖಾನೆಯಿಂದ ಕೂಗಳತೆಯ ದೂರದಲ್ಲಿ. ಆ ಪಡಖಾನೆಯ ಹಳೆಯ ಹೆಸರು ತೆಗೆದು ಆಮೇಲೆ ವಿಲಿಯಂ ಕಾಬೆಟ್ ಅಂತಲೇ ಬೋರ್ಡು ಹಾಕಿದರು.