ತೆರಿಗೆ ಪುಸ್ತಕದಲ್ಲಿ ಯುದ್ಧವನ್ನು ಓದಿದವರು

ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಬರ್ನಾರ್ಡ್ ಫಾಲ್ ನೆನಪಾಗುತ್ತಾರೆ. ಪರದೇಶದಿಂದ ವಿದ್ಯಾರ್ಥಿಯಾಗಿ ಬಂದು, 1956ರಿಂದ ಇಲ್ಲಿ ಪಾಠ ಹೇಳುತ್ತ, ಅಮೆರಿಕ ಹೂಡಿದ ಯುದ್ಧದ ಬಗೆಗೆ ಅಮೆರಿಕಕ್ಕೇ ಅಪ್ರಿಯವಾದ ಸತ್ಯವನ್ನು ಬರೆದ ಇತಿಹಾಸಕಾರರು ಅವರು.

1926ರಲ್ಲಿ ವಿಯೆನ್ನಾದ ಯಹೂದಿ ಮನೆತನದಲ್ಲಿ ಅವರ ಜನನ. ಆಸ್ಟ್ರಿಯ ಹಿಟ್ಲರನ ವಶವಾದಾಗ ಕುಟುಂಬ ಫ್ರಾನ್ಸಿಗೆ ವಲಸೆ ಹೋಯಿತು. ಅಲ್ಲಿ ತಂದೆ ತಾಯಿ ಇಬ್ಬರೂ ನಾಜಿಗಳಿಗೆ ಬಲಿಯಾದರು. ಹದಿನಾರರ ಹರೆಯದಲ್ಲೇ ಅವರು ಭೂಗತ ಹೋರಾಟಗಾರರನ್ನು ಸೇರಿ ಬಂದೂಕು ಹಿಡಿದರು.

1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಅವರನ್ನು ಅಮೆರಿಕಕ್ಕೆ ಕರೆತಂದಿತು. ಎರಡು ವರ್ಷಗಳ ನಂತರ, ಸಂಶೋಧನೆಗಾಗಿ ಸ್ವಂತ ಖರ್ಚಿನಲ್ಲಿ ಅವರು ವಿಯೆಟ್ನಾಮಿಗೆ ಹೊರಟರು. ಕೆಂಪು ನದಿಯ ಮುಖಜ ಭೂಮಿಯ ಬಹುಭಾಗ ತಮ್ಮ ಹಿಡಿತದಲ್ಲಿದೆ ಎಂದು ಫ್ರೆಂಚ್ ಸೇನೆಯ ನಕ್ಷೆಗಳು ಸಾರುತ್ತಿದ್ದವು. ಫಾಲ್ ನಕ್ಷೆಯನ್ನು ನಂಬಲಿಲ್ಲ. ಯಾವ ಹಳ್ಳಿ ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿದೆ, ಯಾವ ಹಳ್ಳಿಗೆ ಸರ್ಕಾರಿ ಮೇಷ್ಟರು ನೇಮಕವಾಗಿದ್ದಾರೆ ಎಂದು ದಫ್ತರಗಳನ್ನು ತಿರುವಿದರು. ನಕ್ಷೆಯಲ್ಲಿ ಗೆದ್ದಿದ್ದ ಹಳ್ಳಿಗಳಲ್ಲಿ ಹೆಚ್ಚಿನವು ನಿಜದಲ್ಲಿ ಎಂದೋ ಕೈತಪ್ಪಿದ್ದವು.

ಇಂಥ ಯುದ್ಧದಲ್ಲಿ ಸೋಲುವುದು ಮೊದಲು ಆಡಳಿತ, ಆಮೇಲೆ ಸೇನೆ ಎಂಬುದು ಅವರ ಬರಹಗಳ ತಿರುಳು. 1961ರ 'ಸ್ಟ್ರೀಟ್ ವಿದೌಟ್ ಜಾಯ್' ಫ್ರೆಂಚರ ಸೋಲಿನ ಕಥನ. 1966ರಲ್ಲಿ ದಿಯೆನ್ ಬಿಯೆನ್ ಫು ಮುತ್ತಿಗೆಯ ಚರಿತ್ರೆ ಹೊರಬಂದಿತು. ಅವರು ಕಮ್ಯುನಿಸ್ಟರ ಪರವಾಗಿರಲಿಲ್ಲ. ಸೈನಿಕರ ಬಗೆಗೆ ಅವರಿಗೆ ಒಡನಾಡಿಯ ಅಕ್ಕರೆಯಿತ್ತು. ಆದರೂ ಎಫ್‌ಬಿಐ ಅವರ ಮೇಲೆ ಕಣ್ಣಿಟ್ಟಿತು. ಅಮೆರಿಕದ ಪೌರತ್ವವಿಲ್ಲದ ಫ್ರೆಂಚ್ ಪ್ರಜೆ, ಮನೆಯಲ್ಲಿ ಮಡದಿ ಮಕ್ಕಳು. ಮೌನಕ್ಕೆ ಕಾರಣಗಳಿಗೇನೂ ಕೊರತೆಯಿರಲಿಲ್ಲ.

1967ರ ಫೆಬ್ರವರಿ 21ರಂದು ಹುಯೆ ನಗರದ ಬಳಿ, ತಮ್ಮ ಪುಸ್ತಕಕ್ಕೆ ಹೆಸರು ಕೊಟ್ಟ ಅದೇ ಹಾದಿಯ ಸೀಮೆಯಲ್ಲಿ, ಅಮೆರಿಕನ್ ಮರೀನ್ ಪಡೆಯೊಡನೆ ನಡೆಯುತ್ತ ಕಂಡದ್ದನ್ನು ಟೇಪ್ ರೆಕಾರ್ಡರಿನಲ್ಲಿ ನುಡಿಯುತ್ತಿದ್ದಾಗ ನೆಲಬಾಂಬು ಸಿಡಿಯಿತು. ಅವರಿಗಿನ್ನೂ ನಲವತ್ತು. ಮೂವರು ಹೆಣ್ಣುಮಕ್ಕಳಲ್ಲಿ ಕಿರಿಯಳು ಎಳೆಗೂಸು.

ಕಚೇರಿಯ ಊಟದ ಮೇಜಿನಲ್ಲಿ ರಾಜಕೀಯದ ಮಾತೆದ್ದರೆ ನಾನು ವೀಸಾವನ್ನು ನೆನೆದು ತಟ್ಟೆಯ ಕಡೆ ನೋಡುತ್ತೇನೆ. ಅದನ್ನು ವಿವೇಕವೆಂದು ಊರಿಗೆ ಹೇಳಿಯೂ ಇದ್ದೇನೆ. ಇಲ್ಲಿಗೆ ಬರಬಯಸುವ ಕಿರಿಯರಿಗೆ ಫಾಲ್ ಅವರ ಎದೆಗಾರಿಕೆಯನ್ನು ಬೋಧಿಸುವ ಯೋಗ್ಯತೆ ನನಗಿಲ್ಲ. ಬಂದ ದೇಶವನ್ನು ಅದರ ನಕ್ಷೆಯಿಂದಲ್ಲ, ತೆರಿಗೆಯ ಪುಸ್ತಕದಿಂದ, ಶಾಲೆಯ ಮೇಷ್ಟರಿಂದ ಅರಿಯಿರಿ ಎಂದಷ್ಟೇ ಹೇಳಬಲ್ಲೆ.