ನೋವಿಲ್ಲದೆ ಹಲ್ಲು ಕಿತ್ತವನ ನೋವಿನ ಕಥೆ

ಹಲ್ಲುನೋವು ಬಂದವನಿಗೆ ಗಲ್ಲಾಪೆಟ್ಟಿಗೆಯ ಲೆಕ್ಕವೂ ಹತ್ತೋದಿಲ್ಲ, ಹೆಂಡತಿಯ ಮಾತೂ ಹತ್ತೋದಿಲ್ಲ. ರಾತ್ರಿಯೆಲ್ಲ ಲವಂಗ ಕಚ್ಚಿಕೊಂಡು ಹೊರಳಾಡಿ, ಬೆಳಗಾದ ಮೇಲೆ ಕೆನ್ನೆಗೆ ಟವೆಲು ಸುತ್ತಿಕೊಂಡು ಡಾಕ್ಟರ ಹತ್ತಿರ ಹೋಗುತ್ತಾನೆ. ಡಾಕ್ಟರು ಒಸಡಿಗೆ ಒಂದು ಸೂಜಿ ಚುಚ್ಚುತ್ತಾರೆ. ತುಟಿ ದಪ್ಪಗಾದ ಹಾಗೆ ಅನ್ನಿಸುತ್ತೆ. ಐದು ನಿಮಿಷದಲ್ಲಿ ಹಲ್ಲು ತಟ್ಟೆಗೆ ಬಿದ್ದಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಆಸಾಮಿ ಮತ್ತೆ ಅಂಗಡಿಯಲ್ಲಿ ಹಾಜರ್.

ಇಷ್ಟು ಸುಲಭವಾದದ್ದು ಇತ್ತೀಚಿನ ಮಾತು. ನೂರೆಂಬತ್ತು ವರ್ಷದ ಹಿಂದೆ ಜಗತ್ತಿನ ಯಾವ ಊರಿನಲ್ಲೂ ಈ ಭಾಗ್ಯ ಇರಲಿಲ್ಲ. ರಾಜನಾದರೂ ಅಷ್ಟೇ, ಕೂಲಿಯಾದರೂ ಅಷ್ಟೇ. ಕುರ್ಚಿ ಮೇಲೆ ಕೂರಿಸಿ, ಬೇಕಾದರೆ ಒಂದು ಲೋಟ ಬ್ರಾಂದಿ ಕುಡಿಸಿ, ಇಬ್ಬರು ಹಿಡಿದುಕೊಂಡರೆ ಮೂರನೆಯವನು ಇಕ್ಕಳ ಹಾಕಿ ಎಳೆಯುತ್ತಿದ್ದ. ಕೂಗು ಬೀದಿ ಕೊನೆಯವರೆಗೂ ಕೇಳಿಸುತ್ತಿತ್ತು.

ಆ ಕೂಗನ್ನು ಕೇಳಲಾಗದೆ ಒದ್ದಾಡಿದ ಒಬ್ಬ ಹಲ್ಲಿನ ಡಾಕ್ಟರನ ಕಥೆ ಇದು. ಹೆಸರು ಹೊರೇಸ್ ವೆಲ್ಸ್. ಊರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್.

ಕೈಗುಣದ ಡಾಕ್ಟರು

ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ವರ್ಮಾಂಟ್ ರಾಜ್ಯದಲ್ಲಿ. ಆ ಊರಿನ ಹೆಸರೂ ಹಾರ್ಟ್‌ಫರ್ಡೇ. ಅನುಕೂಲಸ್ಥರ ಮನೆ. ಆಗಿನ್ನೂ ಹಲ್ಲಿನ ವೈದ್ಯಕ್ಕೆ ಅಂತ ಕಾಲೇಜು ಇರಲಿಲ್ಲ. ಬಡಗಿ, ಅಕ್ಕಸಾಲಿಗರ ಮಕ್ಕಳು ಕಲಿಯುವ ಹಾಗೆ ಬಲ್ಲವರ ಹತ್ತಿರ ಕೂತು ಕಲಿಯಬೇಕಿತ್ತು. ವೆಲ್ಸ್ 1834ರಲ್ಲಿ ಬಾಸ್ಟನ್ನಿಗೆ ಹೋಗಿ ಕೆಲಸ ಕಲಿತ. 1836ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿಗೆ ಬಂದು ಬೋರ್ಡು ಹಾಕಿದ. ಆಗ ವಯಸ್ಸು 21.

ನದಿ ದಂಡೆಯ ಆ ಊರಿನಲ್ಲಿ ಆಗ ಹೆಚ್ಚೆಂದರೆ ಹತ್ತು ಹನ್ನೆರಡು ಸಾವಿರ ಜನ. ಯಾರ ಮನೆಯಲ್ಲಿ ಏನು ಅಂತ ಎಲ್ಲರಿಗೂ ಗೊತ್ತಿರುವಂಥ ಊರು. ಅಂಥ ಊರಲ್ಲಿ ಡಾಕ್ಟರ ಹೆಸರು ಉಳಿಯೋದೂ ಬಾಯಿಮಾತಿನಿಂದ, ಅಳಿಯೋದೂ ಬಾಯಿಮಾತಿನಿಂದ. ವೆಲ್ಸನ ಕೈಗುಣ ಚೆನ್ನಾಗಿದೆ ಅಂತ ಊರಲ್ಲೆಲ್ಲ ಹಬ್ಬಿತು. ರಾಜ್ಯದ ಗವರ್ನರ್ ಆಗಿದ್ದ ವಿಲಿಯಂ ಎಲ್ಸ್‌ವರ್ತ್ ಕೂಡ ಅವನ ಹತ್ತಿರವೇ ಬಾಯಿ ತೋರಿಸುತ್ತಿದ್ದ. ಹಲ್ಲು ಕೀಳೋದಷ್ಟೇ ಅಲ್ಲ, ಹುಳುಕು ತುಂಬೋದು, ಹಲ್ಲು ಕಟ್ಟೋದು, ಅದಕ್ಕೆ ಬೇಕಾದ ಸಲಕರಣೆಗಳನ್ನು ತಾನೇ ತಯಾರಿಸಿಕೊಳ್ಳೋದು, ಎಲ್ಲ ಬಲ್ಲವ. 1838ರಲ್ಲಿ ಹಲ್ಲಿನ ರೋಗ ಮತ್ತು ಆರೈಕೆ ಬಗ್ಗೆ ಒಂದು ಸಣ್ಣ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದೇ ವರ್ಷ ಎಲಿಜಬೆತ್ ವೇಲ್ಸ್ ಎಂಬಾಕೆಯನ್ನು ಮದುವೆಯಾದ. ಮರುವರ್ಷ ಗಂಡು ಮಗು.

ಅವನ ಹತ್ತಿರ ಕೆಲಸ ಕಲಿಯಲು ಹುಡುಗರೂ ಬಂದರು. ಅವರಲ್ಲಿ ಇಬ್ಬರ ಹೆಸರು ನೆನಪಿಡಬೇಕು. ಒಬ್ಬ ಜಾನ್ ರಿಗ್ಸ್. ಇನ್ನೊಬ್ಬ ವಿಲಿಯಂ ಮಾರ್ಟನ್. ಒಬ್ಬ ಕೊನೆವರೆಗೂ ಜೊತೆಗೆ ನಿಂತ. ಇನ್ನೊಬ್ಬನ ವಿಷಯ ಮುಂದೆ ಬರುತ್ತೆ.

ಹೆಸರಿತ್ತು, ಗಿರಾಕಿ ಇತ್ತು, ದುಡ್ಡಿತ್ತು. ಆದರೂ ಡಾಕ್ಟರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ದಿನಾ ಬೆಳಗಾದರೆ ಗುರುತಿನವರಿಗೇ ನೋವು ಕೊಡಬೇಕು. ನಿನ್ನೆ ಚರ್ಚಿನಲ್ಲಿ ಕೈ ಕುಲುಕಿದವನು ಇವತ್ತು ಕುರ್ಚಿ ಮೇಲೆ ಕೂತು ಅರಚಿಕೊಳ್ಳುತ್ತಾನೆ. ಬೇರೆ ಡಾಕ್ಟರು ಇದನ್ನು ವೃತ್ತಿಯ ಕರ್ಮ ಅಂತ ಬಿಟ್ಟಿದ್ದರು. ವೆಲ್ಸ್ ಬಿಡಲಿಲ್ಲ.

ಇಪ್ಪತ್ತೈದು ಸೆಂಟಿನ ತಮಾಷೆ

1844ರ ಡಿಸೆಂಬರ್ 10, ಮಂಗಳವಾರ. ಊರಿನ ಯೂನಿಯನ್ ಹಾಲ್‌ನಲ್ಲಿ ಗಾರ್ಡ್‌ನರ್ ಕೋಲ್ಟನ್ ಎಂಬಾತನ ಪ್ರದರ್ಶನ. ಟಿಕೆಟ್ಟು 25 ಸೆಂಟು. ಏನಪ್ಪಾ ವಿಶೇಷ ಅಂದರೆ ನಗೆ ಅನಿಲ, ಅಂದರೆ ನೈಟ್ರಸ್ ಆಕ್ಸೈಡ್. ಅದನ್ನು ಚೀಲದಲ್ಲಿ ತುಂಬಿ ಮೂಗು ಬಾಯಿಗೆ ಹಿಡಿದರೆ ಎಳೆದುಕೊಂಡವನು ನಗುತ್ತಾನೆ, ಕುಣಿಯುತ್ತಾನೆ, ಕುಸ್ತಿಗೆ ಬೀಳುತ್ತಾನೆ. ನೋಡುವವರಿಗೆ ಪುಕ್ಕಟೆ ನಾಟಕ. ಯಾರಾದರೂ ಪ್ರೇಕ್ಷಕರ ಮೇಲೆ ಬಿದ್ದಾರು ಅಂತ ಎಂಟು ಜನ ಗಟ್ಟಿಮುಟ್ಟಾದ ಆಳುಗಳನ್ನು ಮುಂದಿನ ಸಾಲಿನಲ್ಲಿ ಕೂರಿಸುವುದಾಗಿ ಜಾಹೀರಾತಿನಲ್ಲೇ ಬರೆದಿತ್ತು.

ಆ ಊರಿಗೂ ಈ ಅನಿಲಕ್ಕೂ ಹಳೇ ನಂಟು. ರಿವಾಲ್ವರಿನಿಂದ ಹೆಸರಾದ ಸ್ಯಾಮ್ಯುಯೆಲ್ ಕೋಲ್ಟ್ ಅದೇ ಹಾರ್ಟ್‌ಫರ್ಡಿನವನು. ಬಂದೂಕು ತಯಾರಿಸಲು ದುಡ್ಡು ಬೇಕಾಗಿ 1830ರ ದಶಕದಲ್ಲಿ ಊರೂರು ಸುತ್ತಿ ಇದೇ ನಗೆ ಅನಿಲ ತೋರಿಸಿ ಕಾಸು ಮಾಡಿದ್ದ. ಅನಿಲದಲ್ಲಿ ನೋವು ಕಳೆಯುವ ಗುಣ ಇರಬಹುದು ಅಂತ ಇಂಗ್ಲೆಂಡಿನ ಹಂಫ್ರಿ ಡೇವಿ 1800ರಲ್ಲೇ ಬರೆದೂ ಆಗಿತ್ತು. ಓದಿದವರು ಓದಿ ಮಡಚಿಟ್ಟರು. ನಲವತ್ತನಾಲ್ಕು ವರ್ಷ ಜನ ಅದನ್ನು ಎಳೆದುಕೊಂಡು ನಕ್ಕರು, ಅಷ್ಟೇ.

ವೆಲ್ಸ್ ಆ ಸಂಜೆ ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸ್ಯಾಮ್ಯುಯೆಲ್ ಕೂಲಿ ಎಂಬ ಹುಡುಗ ಅನಿಲ ಎಳೆದುಕೊಂಡು ಹುಚ್ಚೆದ್ದು ಓಡಾಡಿದ. ಬೆಂಚಿಗೆ ಕಾಲು ಬಡಿಯಿತು. ಅಮಲು ಇಳಿದ ಮೇಲೆ ಸುಮ್ಮನೆ ಬಂದು ಕೂತ. ಕಾಲಿಗೆ ಪೆಟ್ಟಾಗಿದ್ದದ್ದು ಅವನಿಗೇ ಗೊತ್ತಿರಲಿಲ್ಲ. ನೋಡಿಕೊಂಡ ಮೇಲಷ್ಟೇ ತಿಳಿಯಿತು.

ಜನ ನಕ್ಕರು. ಹಲ್ಲಿನ ಡಾಕ್ಟರು ಮಾತ್ರ ನಗಲಿಲ್ಲ. ಕಾಲು ಜಜ್ಜಿಹೋದದ್ದು ಗೊತ್ತಾಗದಿದ್ದರೆ ಹಲ್ಲು ಕಿತ್ತದ್ದು ಮಾತ್ರ ಯಾಕೆ ಗೊತ್ತಾಗಬೇಕು?

ಮೊದಲ ಹಲ್ಲು ತನ್ನದೇ

ಇಲ್ಲಿ ಬೇರೆಯವರಾಗಿದ್ದರೆ ಯಾವನಾದರೂ ಬಡವನನ್ನು ಹಿಡಿದು ಪರೀಕ್ಷೆ ಮಾಡುತ್ತಿದ್ದರು. ವೆಲ್ಸ್ ಮರುದಿನ ಬೆಳಿಗ್ಗೆ ಕೋಲ್ಟನ್ನನಿಗೆ ಅನಿಲದ ಚೀಲ ತರಲು ಹೇಳಿ, ತನ್ನ ಕುರ್ಚಿಯಲ್ಲಿ ತಾನೇ ಕೂತ. ಇಕ್ಕಳವನ್ನು ಶಿಷ್ಯ ರಿಗ್ಸನ ಕೈಗೆ ಕೊಟ್ಟ. ಚೀಲದಿಂದ ಎಳೆದುಕೊಂಡ, ತಲೆ ಹಿಂದಕ್ಕೆ ವಾಲಿತು. ರಿಗ್ಸ್ ಹೆದರಿಕೊಂಡೇ ದವಡೆ ಹಲ್ಲೊಂದನ್ನು ಕಿತ್ತ. ಎಷ್ಟು ಎಳೆದುಕೊಂಡರೆ ಮನುಷ್ಯ ಮತ್ತೆ ಏಳುವುದಿಲ್ಲ ಅನ್ನೋದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಚ್ಚುಕಮ್ಮಿ ಆಗಿದ್ದರೆ ಕೊಲೆ ಮೊಕದ್ದಮೆ.

ವೆಲ್ಸ್ ಕಣ್ಣು ಬಿಟ್ಟ. ಸೂಜಿ ಚುಚ್ಚಿದಷ್ಟೂ ನೋವಾಗಲಿಲ್ಲ ಅಂತ ಕುಣಿದಾಡಿದ. ಅನಿಲ ತಯಾರಿಸುವ ವಿಧಾನವನ್ನು ಕೋಲ್ಟನ್ನನಿಂದ ಕಲಿತ. ಮುಂದಿನ ವಾರಗಳಲ್ಲಿ ಹಾರ್ಟ್‌ಫರ್ಡಿನ ಹತ್ತು ಹದಿನೈದು ಮಂದಿಗೆ ನೋವಿಲ್ಲದೆ ಹಲ್ಲು ಕಿತ್ತ.

ಅಂಗಡಿ ನಡೆಸುವವರಿಗೆ ಇಲ್ಲಿ ಒಂದು ಮಾತು ತಕ್ಷಣ ಹೊಳೆಯುತ್ತೆ. ಇಂಥ ಸರಕು ಕೈಯಲ್ಲಿದ್ದರೆ ಯಾರಾದರೂ ಪೇಟೆಂಟ್ ಮಾಡಿಸಿ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ವೆಲ್ಸ್ ಇಟ್ಟುಕೊಳ್ಳಲಿಲ್ಲ. ಕೇಳಿದ ಡಾಕ್ಟರಿಗೆಲ್ಲ ಹೇಳಿಕೊಟ್ಟ. ನಾವು ಉಸಿರಾಡುವ ಗಾಳಿಯ ಹಾಗೆ ಇದು ಎಲ್ಲರಿಗೂ ಸಿಗಬೇಕು ಅನ್ನೋದು ಅವನ ನಿಲುವು.

ಬಾಸ್ಟನ್ನಿನ ಅವಮಾನ

ಊರಿನವರು ನಂಬಿದರೆ ಸಾಲದು, ದೊಡ್ಡ ಡಾಕ್ಟರುಗಳು ಒಪ್ಪಬೇಕು. 1845ರ ಜನವರಿಯಲ್ಲಿ ವೆಲ್ಸ್ ಬಾಸ್ಟನ್ನಿಗೆ ಹೋದ. ಹೆಸರಾಂತ ಸರ್ಜನ್ ಜಾನ್ ಕಾಲಿನ್ಸ್ ವಾರೆನ್ ಅವರ ವಿದ್ಯಾರ್ಥಿಗಳ ಮುಂದೆ ಮಾಡಿ ತೋರಿಸಲು ಅವಕಾಶ ಸಿಕ್ಕಿತು. ಹಲ್ಲುನೋವಿದ್ದ ಒಬ್ಬ ಮುಂದೆ ಬಂದ. ಅನಿಲ ಕೊಟ್ಟದ್ದಾಯಿತು. ಗಡಿಬಿಡಿಯಲ್ಲಿ ಚೀಲವನ್ನು ಸ್ವಲ್ಪ ಬೇಗನೆ ತೆಗೆದದ್ದೇ ಎಡವಟ್ಟಾಯಿತು. ಇಕ್ಕಳ ಎಳೆದ ಹೊತ್ತಿಗೆ ಆಸಾಮಿ ಕೂಗಿಬಿಟ್ಟ.

ಮುಗಿಯಿತು. ಹುಡುಗರು ಸಿಳ್ಳೆ ಹೊಡೆದರು, ಮೋಸಗಾರ ಅಂತ ಗೇಲಿ ಮಾಡಿದರು. ಹಲ್ಲು ಕೀಳಿಸಿಕೊಂಡವನು ಆಮೇಲೆ, ನೋವೇನೋ ಆಯಿತು, ಆದರೆ ಯಾವಾಗಲೂ ಆಗುವಷ್ಟು ಅಲ್ಲ ಅಂತ ಹೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಅಪಮಾನ ತಿಂದ ವೆಲ್ಸ್ ಊರಿಗೆ ಬಂದು ಕಾಯಿಲೆ ಬಿದ್ದ. ಏಪ್ರಿಲ್ ಹೊತ್ತಿಗೆ ತನ್ನ ರೋಗಿಗಳನ್ನು ರಿಗ್ಸನಿಗೆ ವಹಿಸಿಕೊಟ್ಟ. ಕೆನರಿ ಹಕ್ಕಿಗಳನ್ನು ಸಾಕಿ ಮಾರಿದ, ಸ್ನಾನದ ಷವರ್ ಯಂತ್ರ ಮಾಡಿದ, ಪ್ರಾಣಿ ಪಕ್ಷಿಗಳ ಪ್ರದರ್ಶನ ನಡೆಸಿದ. ನಡುನಡುವೆ ಹಲ್ಲಿನ ಕೆಲಸಕ್ಕೂ ಬಂದ. ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಶಿಷ್ಯನ ಕೈಚಳಕ

ಈಗ ಮಾರ್ಟನ್ ವಿಷಯ. 1842ರಲ್ಲಿ ವೆಲ್ಸನ ಹತ್ತಿರ ಕಲಿತವನು, ಆಮೇಲೆ ಬಾಸ್ಟನ್ನಿನಲ್ಲಿ ಅವನ ಜೊತೆ ಪಾಲುದಾರನಾಗಿ ಕೆಲವು ತಿಂಗಳು ಹಲ್ಲಿನ ವ್ಯಾಪಾರ ಮಾಡಿದವನು. ಬಾಸ್ಟನ್ನಿನ ಪ್ರಸಂಗವೂ ಅವನಿಗೆ ಗೊತ್ತು. 1846ರ ಅಕ್ಟೋಬರ್ 16ರಂದು ಮಾರ್ಟನ್ ಅದೇ ಊರಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಎಂಬ ಇನ್ನೊಂದು ಮದ್ದಿನ ಆವಿ ಕೊಟ್ಟ. ಅದೇ ವಾರೆನ್ ಸಾಹೇಬರು ರೋಗಿಯ ಕತ್ತಿನ ಗಂಟಿಗೆ ಕತ್ತಿ ಹಾಕಿದರು. ರೋಗಿ ಕೂಗಲಿಲ್ಲ. ಸುದ್ದಿ ಹಡಗು ಹತ್ತಿ ಯುರೋಪಿಗೆ ಹೋಯಿತು. ಮಾರ್ಟನ್ ಒಂದೇ ತಿಂಗಳಲ್ಲಿ ಪೇಟೆಂಟ್ ಮಾಡಿಸಿದ. ಈಥರಿಗೆ ಬಣ್ಣ ವಾಸನೆ ಬೆರೆಸಿ ಲೆಥಿಯಾನ್ ಅಂತ ಹೊಸ ಹೆಸರಿಟ್ಟು ಗುಟ್ಟಿನ ಮದ್ದು ಅಂತ ಮಾರಲು ನೋಡಿದ.

ನ್ಯಾಯವಾಗಿ ಹೇಳಬೇಕಾದರೆ ಈಥರಿನ ಕೆಲಸ ಸಣ್ಣದಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ನಗೆ ಅನಿಲಕ್ಕಿಂತ ಅದು ಗಟ್ಟಿ ಮದ್ದು. ಜಾರ್ಜಿಯಾ ರಾಜ್ಯದ ಹಳ್ಳಿ ಡಾಕ್ಟರು ಕ್ರಾಫರ್ಡ್ ಲಾಂಗ್ 1842ರಲ್ಲೇ ಈಥರ್ ಕೊಟ್ಟು ಗಂಟು ತೆಗೆದಿದ್ದರು. ಆದರೆ 1849ರವರೆಗೆ ಎಲ್ಲೂ ಪ್ರಕಟಿಸಿರಲಿಲ್ಲ.

ವೆಲ್ಸ್ ಸುಮ್ಮನಿರಲಿಲ್ಲ. 1846ರ ಡಿಸೆಂಬರಿನಲ್ಲಿ ಊರಿನ ಪತ್ರಿಕೆ ಹಾರ್ಟ್‌ಫರ್ಡ್ ಕೌರಂಟ್‌ಗೆ ಪತ್ರ ಬರೆದು ತನ್ನ ಹಕ್ಕು ಹೇಳಿಕೊಂಡ. ಮರುವರ್ಷ ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ವಿದ್ವಾಂಸರಿಗೂ ಅರ್ಜಿ ಕೊಟ್ಟ.

ಊರಿನವರು ಈ ಹೊತ್ತಿನಲ್ಲಿ ಕೈ ಬಿಡಲಿಲ್ಲ. 1847ರಲ್ಲಿ ಕನೆಕ್ಟಿಕಟ್ ಶಾಸನಸಭೆ ಈ ಶೋಧದ ಕೀರ್ತಿ ವೆಲ್ಸನದು ಅಂತ ನಿರ್ಣಯ ಮಾಡಿತು. ಊರಿನ ಡಾಕ್ಟರು ಪಿಂಕ್ನಿ ಎಲ್ಸ್‌ವರ್ತ್ 1845ರ ಜೂನ್‌ನಲ್ಲೇ ಬಾಸ್ಟನ್ನಿನ ವೈದ್ಯ ಪತ್ರಿಕೆಯೊಂದರಲ್ಲಿ, ಹಾರ್ಟ್‌ಫರ್ಡಿನಲ್ಲಿ ನಗೆ ಅನಿಲ ಕೊಟ್ಟು ನೋವಿಲ್ಲದೆ ಹಲ್ಲು ಕೀಳುತ್ತಿದ್ದಾರೆ ಅಂತ ಬರೆದಿದ್ದರು. ಮಾರ್ಟನ್‌ಗಿಂತ ಹದಿನಾರು ತಿಂಗಳು ಮೊದಲು ಅಚ್ಚಾದ ಸಾಕ್ಷಿ ಅದು.

ಮೂವತ್ಮೂರನೇ ಹುಟ್ಟುಹಬ್ಬ

1848ರ ಜನವರಿಯಲ್ಲಿ ವೆಲ್ಸ್ ಹೆಂಡತಿ ಮಗನನ್ನು ಊರಲ್ಲೇ ಬಿಟ್ಟು ನ್ಯೂಯಾರ್ಕಿಗೆ ಹೋದ. ಸ್ಕಾಟ್ಲೆಂಡಿನಲ್ಲಿ ಎರಡು ತಿಂಗಳ ಹಿಂದಷ್ಟೇ ಬಳಕೆಗೆ ಬಂದಿದ್ದ ಕ್ಲೋರೋಫಾರಂ ಎಂಬ ಹೊಸ ಮದ್ದನ್ನು ಪರೀಕ್ಷೆ ಮಾಡಲು ಹೊರಟ. ಹಳೇ ಅಭ್ಯಾಸ, ಪರೀಕ್ಷೆ ತನ್ನ ಮೇಲೆಯೇ. ಅದು ಚಟವಾಗಿ ಹಿಡಿದುಕೊಳ್ಳುವ ಮದ್ದು ಅಂತ ಆಗ ತಿಳಿದಿರಲಿಲ್ಲ. ದಿನಕ್ಕೆ ಹಲವು ಬಾರಿ ಎಳೆದು ಎಳೆದು ಬುದ್ಧಿ ಸ್ಥಿಮಿತ ಹೋಯಿತು.

ಜನವರಿ 21, ಅವನ 33ನೇ ಹುಟ್ಟುಹಬ್ಬ. ಅಮಲಿನಲ್ಲಿ ಬೀದಿಗೆ ಇಳಿದ ವೆಲ್ಸ್ ಇಬ್ಬರು ಹೆಂಗಸರ ಮೇಲೆ ಆಸಿಡ್ ಎರಚಿಬಿಟ್ಟ. ಪೊಲೀಸರು ಹಿಡಿದು ಜೈಲಿಗೆ ಹಾಕಿದರು. ಇನ್ನೊಬ್ಬರ ನೋವು ನೋಡಲಾಗದೆ ಹೊರಟ ಮನುಷ್ಯ ತಾನೇ ದಾರಿಹೋಕರನ್ನು ಸುಟ್ಟಿದ್ದ. ಮದ್ದಿನ ಅಮಲು ಕಾರಣ ಇರಬಹುದು. ಆದರೆ ಆ ಹೆಂಗಸರ ಪಾಲಿಗೆ ಅದು ಆಸಿಡ್ಡೇ. ಅಮಲು ಇಳಿದ ಮೇಲೆ ತಾನು ಮಾಡಿದ್ದು ತಿಳಿದು ವೆಲ್ಸ್ ಕುಸಿದುಹೋದ. ಹೆಂಡತಿಗೆ ಪತ್ರ ಬರೆದಿಟ್ಟ. ಜನವರಿ 24ರಂದು ಜೈಲಿನಲ್ಲೇ ತನ್ನ ಜೀವ ತಾನೇ ತೆಗೆದುಕೊಂಡ.

ಆಮೇಲೆ ಕೆಲವೇ ದಿನಕ್ಕೆ ಪ್ಯಾರಿಸ್ಸಿನಿಂದ ಸುದ್ದಿ ಬಂತು. ನೋವಿಲ್ಲದ ಶಸ್ತ್ರಚಿಕಿತ್ಸೆಯ ಶೋಧ ವೆಲ್ಸನದೇ ಅಂತ ಅಲ್ಲಿನ ವೈದ್ಯರ ಸಂಘ ಒಪ್ಪಿ, ಗೌರವ ಪದವಿಯನ್ನೂ ಕೊಟ್ಟಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆ ಹಲ್ಲಿನ ಡಾಕ್ಟರನ ಬಾಳಿಗೇ ತಾಗಿತು.

ಸಾಕ್ಷಿಗೆ ನಿಂತ ರೋಗಿಗಳು

ಕೀರ್ತಿ ಯಾರದು ಅನ್ನೋ ಜಗಳ ಅಮೆರಿಕದ ಪಾರ್ಲಿಮೆಂಟಿನವರೆಗೂ ಹೋಯಿತು. ಮಾರ್ಟನ್ ಒಂದು ಲಕ್ಷ ಡಾಲರ್ ಇನಾಮು ಬೇಡಿದ. ಆಗ ಸತ್ತ ಡಾಕ್ಟರ ಪರವಾಗಿ ಎದ್ದು ನಿಂತವರು ಹಾರ್ಟ್‌ಫರ್ಡಿನ ಸಾಮಾನ್ಯ ಜನ. 1844ರ ಆ ಚಳಿಗಾಲದಲ್ಲಿ ವೆಲ್ಸನ ಕುರ್ಚಿಯಲ್ಲಿ ಕೂತು ನೋವಿಲ್ಲದೆ ಹಲ್ಲು ಕೀಳಿಸಿಕೊಂಡವರು ಪ್ರಮಾಣ ಮಾಡಿ ಬರೆದುಕೊಟ್ಟರು. ರಿಗ್ಸ್ ಸಾಕ್ಷಿ ಹೇಳಿದ. ಕಾಲಿಗೆ ಪೆಟ್ಟು ಮಾಡಿಕೊಂಡಿದ್ದ ಔಷಧದಂಗಡಿಯ ಕೂಲಿಯೂ ಹೇಳಿದ. ಡಾಕ್ಟರಿಂದ ಅವರಿಗೆ ಇನ್ನೇನೂ ಆಗಬೇಕಿರಲಿಲ್ಲ. ಕಂಡದ್ದನ್ನು ಹೇಳಿದರು.

ಇನಾಮು ಯಾರಿಗೂ ಸಿಗಲಿಲ್ಲ. ಮಾರ್ಟನ್ ಜಗಳದಲ್ಲೇ ಸವೆದು 1868ರಲ್ಲಿ ಸತ್ತ. ನಗೆ ಅನಿಲದ ಕೋಲ್ಟನ್ 1863ರಲ್ಲಿ ಮತ್ತೆ ಅದನ್ನು ಹಲ್ಲು ಕೀಳಲು ತಂದು, ನ್ಯೂಯಾರ್ಕಿನಲ್ಲಿ ಅದಕ್ಕೇ ಅಂತ ಸಂಸ್ಥೆ ತೆರೆದ. ಅಲ್ಲಿಗೆ ಬಂದ ರೋಗಿಗಳ ಲೆಕ್ಕ ಲಕ್ಷ ದಾಟಿತು. ವೆಲ್ಸ್ ಹೇಳಿದ್ದು ಸುಳ್ಳಲ್ಲ ಅಂತ ಅಷ್ಟು ಬಾಯಿಗಳೇ ತೋರಿಸಿಕೊಟ್ಟವು. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಅವನನ್ನೇ ಮೊದಲಿಗ ಅಂತ ಒಪ್ಪಿತು, 1870ರಲ್ಲಿ ವೈದ್ಯರ ಸಂಘವೂ ಒಪ್ಪಿತು. 1875ರಲ್ಲಿ ಹಾರ್ಟ್‌ಫರ್ಡಿನ ಬುಶ್ನೆಲ್ ಪಾರ್ಕಿನಲ್ಲಿ ಕಂಚಿನ ಪ್ರತಿಮೆ ನಿಂತಿತು. 1908ರಲ್ಲಿ ಮಗ ತಂದೆ ತಾಯಿಯ ಸಮಾಧಿಯನ್ನು ಸೀಡರ್ ಹಿಲ್ ಸ್ಮಶಾನಕ್ಕೆ ಸಾಗಿಸಿ ಹೊಸದಾಗಿ ಕಟ್ಟಿಸಿದ. ನಗೆ ಅನಿಲ ತೋರಿಸಿ ಬಂದೂಕು ಮಾಡಿದ ಕೋಲ್ಟ್ ಕೂಡ ಮಲಗಿರೋದು ಅದೇ ಸ್ಮಶಾನದಲ್ಲಿ. ಅನಿಲ ಒಂದೇ. ಒಬ್ಬನಿಗೆ ಅದು ಬಂದೂಕಿಗೆ ಬಂಡವಾಳ, ಇನ್ನೊಬ್ಬನಿಗೆ ನೋವಿಗೆ ಮದ್ದು.

ಈಗ ನಮ್ಮ ಊರುಗಳಲ್ಲಿ ಡಾಕ್ಟರು ಚುಚ್ಚುವ ಸೂಜಿಯ ಮದ್ದು ಬೇರೆ. ಒಸಡನ್ನಷ್ಟೇ ಮರಗಟ್ಟಿಸುವ ಆ ದಾರಿ ತೆರೆದದ್ದು 1884ರ ನಂತರ. ನಗೆ ಅನಿಲವನ್ನು ಆಮ್ಲಜನಕದ ಜೊತೆ ಬೆರೆಸಿ, ಹೆದರುವ ಮಕ್ಕಳಿಗೆ ಈಗಲೂ ಕೊಡುತ್ತಾರೆ. ಮದ್ದು ಯಾವುದೇ ಇರಲಿ, ಹಲ್ಲು ಕೀಳುವಾಗ ಮನುಷ್ಯ ಅರಚಲೇಬೇಕು ಅನ್ನೋ ಹಣೆಬರಹವನ್ನು ಮೊದಲು ಒಪ್ಪದೇ ಹೋದವನು ಒಂದು ಸಣ್ಣ ಊರಿನ ಹಲ್ಲಿನ ಡಾಕ್ಟರು. ಮುಂದಿನ ಸಲ ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮುಂಚೆ ಅವನ ಹೆಸರು ಒಮ್ಮೆ ನೆನೆದರೆ ನಷ್ಟವೇನಿಲ್ಲ.