ಕೊಲಂಬಸ್‌ನ ಲೆಕ್ಕ

ಜಿನೋವಾದ ನೇಕಾರನೊಬ್ಬನ ಮಗನಾಗಿ 1451ರಲ್ಲಿ ಜನಿಸಿದ ಕ್ರಿಸ್ಟೋಫರ್ ಕೊಲಂಬಸ್ ಮಗ್ಗವನ್ನು ತೊರೆದು ಕಡಲನ್ನು ಹಿಡಿದವನು. ಭೂಮಿ ಗುಂಡಗಿದೆಯೆಂದು ಸಾಧಿಸಿ ತೋರಿಸಿದನೆಂಬ ಕೀರ್ತಿ ಅವನಿಗೆ ಸಲ್ಲತಕ್ಕದ್ದಲ್ಲ. ಯುರೋಪಿನ ವಿದ್ವಾಂಸರಿಗೆ ಅದು ಮೊದಲೇ ತಿಳಿದಿತ್ತು. ವಿವಾದವಿದ್ದುದು ಭೂಮಿಯ ಗಾತ್ರವನ್ನು ಕುರಿತು. ಅಲ್-ಫರ್ಗಾನಿಯ ಅರಬ್ಬೀ ಗ್ರಂಥದಲ್ಲಿ ಒಂದು ಡಿಗ್ರಿಗೆ ಹೇಳಿದ್ದ ಮೈಲಿಗಳನ್ನು ಕೊಲಂಬಸ್ ಗಿಡ್ಡದಾದ ಇಟಲಿಯ ಮೈಲಿಗಳೆಂದು ಭಾವಿಸಿದನು. ಅವನ ಭೂಮಿ ಕಾಲುಭಾಗದಷ್ಟು ಕುಗ್ಗಿತು. ಕ್ಯಾನರಿ ದ್ವೀಪಗಳಿಂದ ಪಶ್ಚಿಮಾಭಿಮುಖವಾಗಿ ಜಪಾನಿಗೆ ಸುಮಾರು 2,400 ನಾವಿಕ ಮೈಲಿಗಳೆಂದು ಅವನು ಗಣಿಸಿದನು. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಮಿಗಿಲು. ಪೋರ್ಚುಗಲ್ ಮತ್ತು ಸ್ಪೇನಿನ ಪಂಡಿತಮಂಡಳಿಗಳು ಅವನ ಯೋಜನೆಯನ್ನು ತಳ್ಳಿಹಾಕಿದ್ದು ಅಜ್ಞಾನದಿಂದಲ್ಲ, ಸರಿಯಾದ ಲೆಕ್ಕದಿಂದಲೇ. ನಡುವೆ ಯಾರೂ ಊಹಿಸದ ನೆಲವೊಂದು ಅಡ್ಡಬಾರದಿದ್ದಲ್ಲಿ ಮೂರು ಹಡಗುಗಳೂ ಅನ್ನನೀರಿಲ್ಲದೆ ಅಳಿಯುತ್ತಿದ್ದವು.

ಆದರೆ ಗಣಿತದಲ್ಲಿ ಎಡವಿದವನು ನೌಕಾಯಾನದಲ್ಲಿ ಎಡವಲಿಲ್ಲ. ದಿಕ್ಸೂಚಿಯಿಂದ ದಿಕ್ಕು, ಅರ್ಧ ಗಂಟೆಗೊಮ್ಮೆ ಹುಡುಗರು ಮಗುಚುತ್ತಿದ್ದ ಮರಳುಗಡಿಯಾರದಿಂದ ಕಾಲ, ಕಣ್ಣಂದಾಜಿನಿಂದ ವೇಗ: ಈ ಮೂರನ್ನು ಕೂಡಿಸಿ ಹಡಗಿರುವ ಸ್ಥಳವನ್ನು ಗುರುತಿಸುವುದು ಅವನ ಕ್ರಮ. 1492ರ ಸೆಪ್ಟೆಂಬರಿನಲ್ಲಿ ದಿಕ್ಸೂಚಿಯ ಮುಳ್ಳು ಧ್ರುವನಕ್ಷತ್ರವನ್ನು ಬಿಟ್ಟು ಪಶ್ಚಿಮಕ್ಕೆ ವಾಲಿದಾಗ ನಾವಿಕರು ದಿಗಿಲುಗೊಂಡರು. ಸರಿದದ್ದು ಮುಳ್ಳಲ್ಲ, ನಕ್ಷತ್ರ ಎಂದು ಅವನು ಸಮಾಧಾನ ಹೇಳಿದನು. ಆ ನಕ್ಷತ್ರ ಆಗ ಧ್ರುವಬಿಂದುವಿನಿಂದ ಸುಮಾರು ಮೂರೂವರೆ ಡಿಗ್ರಿ ದೂರದಲ್ಲಿ ಸುತ್ತುತ್ತಿದ್ದುದರಿಂದ ಆ ಮಾತಿನಲ್ಲಿ ಒಂದಿಷ್ಟು ಸತ್ಯವೂ ಇತ್ತು. ಕಾಲುವೃತ್ತದ ಉಪಕರಣವಾದ ಕ್ವಾಡ್ರಂಟ್ ಮಾತ್ರ ಅವನಿಗೆ ಒಲಿಯಲಿಲ್ಲ. ಕ್ಯೂಬಾದ ತೀರದಲ್ಲಿ ಅದು ತೋರಿದ ಅಕ್ಷಾಂಶ 42 ಡಿಗ್ರಿ, ಇರಬೇಕಾದುದರ ಇಮ್ಮಡಿ! ಅವನ ನಿಜವಾದ ಶೋಧವೆಂದರೆ ಗಾಳಿಯ ದಾರಿ. ಹೋಗುವಾಗ ಈಶಾನ್ಯದ ವಾಣಿಜ್ಯ ಮಾರುತ, ಮರಳುವಾಗ ಉತ್ತರಕ್ಕೆ ಸರಿದು ಪಡುವಣ ಗಾಳಿ. ಹಾಯಿಹಡಗುಗಳ ಯುಗ ಮುಗಿಯುವವರೆಗೂ ಅಟ್ಲಾಂಟಿಕ್ ಸಂಚಾರ ಅದನ್ನೇ ಅನುಸರಿಸಿತು.

ಆ ದಾರಿಯಲ್ಲಿ ಸಾಗಿದ್ದು ಸರಕು ಮಾತ್ರವಲ್ಲ. 1495ರಲ್ಲಿ ಅವನು ಐನೂರಕ್ಕೂ ಹೆಚ್ಚು ಟೈನೋ ಜನರನ್ನು ಗುಲಾಮರನ್ನಾಗಿ ಸ್ಪೇನಿಗೆ ಕಳುಹಿಸಿದನು. ಅನೇಕರು ಸಮುದ್ರದ ಮೇಲೆಯೇ ಸತ್ತರು.

ನಾಲ್ಕನೆಯ ಯಾನದಲ್ಲಿ, 1503ರಲ್ಲಿ, ಹುಳು ಕೊರೆದ ಹಡಗುಗಳೊಡನೆ ಅವನು ಜಮೈಕಾದಲ್ಲಿ ಸಿಲುಕಿದನು. ದಂಗೆಯೆದ್ದ ಅವನ ಜನರೇ ಸುಲಿಗೆಗಿಳಿದರು. ಬೇಸತ್ತ ದ್ವೀಪವಾಸಿಗಳು ಆಹಾರ ಕೊಡಲು ಹಿಂಜರಿದರು. ರೆಜಿಯೋಮೊಂಟಾನಸ್‌ನ ಪಂಚಾಂಗದಿಂದ 1504ರ ಫೆಬ್ರವರಿ 29ರ ಚಂದ್ರಗ್ರಹಣವನ್ನು ಅರಿತಿದ್ದ ಕೊಲಂಬಸ್, ಅದನ್ನು ದೇವರ ಕೋಪವೆಂದು ಸಾರಿ ಅವರನ್ನು ಬೆದರಿಸಿದನು. ಆಹಾರ ಬಂದಿತು. ಅದೇ ಗ್ರಹಣದಿಂದ ರೇಖಾಂಶವನ್ನೂ ಅಳೆಯಲು ಯತ್ನಿಸಿದನು. ಕ್ಯಾಡಿಜ್‌ಗೂ ಜಮೈಕಾಕ್ಕೂ ಏಳೂಕಾಲು ಗಂಟೆಯ ಅಂತರವೆಂದು ಬರೆದುಕೊಂಡನು. ವಾಸ್ತವದಲ್ಲಿ ಅದು ಐದು ಗಂಟೆಗೂ ಕಡಮೆ. ತಪ್ಪು ಈ ಸಲವೂ ಅವನ ಹಂಬಲದ ದಿಕ್ಕಿಗೇ ವಾಲಿತ್ತು: ಜಮೈಕಾ ಸುಮಾರು 38 ಡಿಗ್ರಿಗಳಷ್ಟು ಏಷ್ಯಾದ ಕಡೆಗೆ ಸರಿದಿತ್ತು. 1506ರ ಮೇ 20ರಂದು ವಯ್ಯಡೊಲಿಡ್‌ನಲ್ಲಿ ಅವನು ತೀರಿಕೊಂಡಾಗಲೂ ಆ ಲೆಕ್ಕವನ್ನು ತಿದ್ದಿರಲಿಲ್ಲ.